ಊರಿನ ಮಾತು ಹೊತ್ತ ದೊಡ್ಡಮ್ಮ

ದೊಡ್ಡಮ್ಮನ ನಡಿಗೆಯನ್ನು ಒಮ್ಮೆ ಕಂಡವರು ಮರೆಯುವಂತಿರಲಿಲ್ಲ. ಅಳಿವೆಯ ಕೆಸರಿನಲ್ಲಿ ಏಡಿ ಹಿಡಿಯುತ್ತಲೇ ಆಯುಷ್ಯದ ಬಹುಭಾಗ ಕಳೆದಿದ್ದ ಆಕೆ, ಹವಾಮಾನದ ಒಪ್ಪಂದಕ್ಕಾಗಿ ದೇಶದೇಶಗಳ ಪ್ರತಿನಿಧಿಗಳು ನೆರೆದಿದ್ದ ಆ ಸಭಾಭವನದ ನುಣುಪು ನೆಲದ ಮೇಲೂ ಮೊಣಕಾಲೆತ್ತಿ, ಪಾದವನ್ನು ಮೆಲ್ಲನೆ ಊರಿ, ಭಾರ ಬಿಡುವ ಮುನ್ನ ನೆಲವನ್ನೊಮ್ಮೆ ವಿಚಾರಿಸಿಕೊಂಡೇ ಮುಂದಡಿ ಇಡುತ್ತಿದ್ದರು. ಚಳಿಗೆಂದು ಯಾರೋ ಕೊಟ್ಟ ಗಂಡಸರ ಕೋಟು ಮೊಣಕಾಲು ದಾಟಿ ಇಳಿಬಿದ್ದಿತ್ತು. ಅದರ ತೋಳುಗಳನ್ನು ನೀರಿಗಿಳಿಯುವವರಂತೆ ಮೊಣಕೈವರೆಗೆ ಮಡಿಚಿಕೊಂಡಿದ್ದರು.

ದುಭಾಷಿಯಾಗಿ ಜೊತೆಗೆ ಬಂದಿದ್ದವಳು ತಂಗಿಯ ಮಗಳು, ವಕೀಲೆ. ಅವಳನ್ನು ಹಣ್ಣುಗಾಯಿ ಮಾಡಿದ್ದು ದೊಡ್ಡಮ್ಮನ ಒಂದೇ ಮಾತು: "ಕೇಳಿ ಹೇಳ್ತೀನಿ." ಪತ್ರಿಕೆಯವರು ಫೋಟೊ ತೆಗೆಯಲೇ ಎಂದರೂ ಅದೇ ಉತ್ತರ.

"ಕಾಫಿಗೆ ಸಕ್ಕರೆ ಹಾಕೋದಕ್ಕೂ ಊರನ್ನ ಕೇಳ್ಬೇಕಾ ದೊಡ್ಡಮ್ಮ?" ಎಂದು ಅವಳು ರೇಗಿದರೆ, "ಸಕ್ಕರೆ ನನ್ನ ಬಾಯಿಗೆ ಹೋಗೋದು, ಎರಡು ಚಮಚ ಹಾಕು. ಫೋಟೊದಲ್ಲಿ ಊರಿನ ಮರ್ಯಾದೆ ಇದೆ ಕಣೇ" ಎನ್ನುತ್ತಿದ್ದರು.

ಅವರ ಅಳಿವೆಯಂಚಿನ ಕಾಡಿಗೆ ಆಗಲೇ ತಂತಿಬೇಲಿ ಬಂದಿತ್ತು. ದೂರದ ಕಾರ್ಖಾನೆಗಳ ಹೊಗೆಗೆ ಪ್ರಾಯಶ್ಚಿತ್ತವೆಂಬಂತೆ ಈ ಕಾಡನ್ನು ಕಾಯುವ ಯೋಜನೆ ಅದು. ತಲೆಮಾರುಗಳಿಂದ ಕಾದವರಿಗೇ ಒಳಗೆ ಪ್ರವೇಶವಿಲ್ಲ. ಇಂಥ ಯೋಜನೆಗಳಿಗೆ ಸ್ಥಳೀಯರ ಒಪ್ಪಿಗೆ ಬೇಕೇ, ಬರಿಯ ಸಮಾಲೋಚನೆ ಸಾಕೇ ಎಂಬಲ್ಲಿ ಇಡೀ ಸಭೆ ಕಗ್ಗಂಟಾಗಿತ್ತು. "ಬೇಲಿ ಕೀಳಿಸಿಯೇ ಬರ್ತೀನಿ" ಎಂದು ಹೇಳಿ ದೊಡ್ಡಮ್ಮ ಮನೆ ಬಿಟ್ಟಿದ್ದರು.

ಕೊನೆಯ ದಿನ ಅಧ್ಯಕ್ಷರು ಒಂದು ರಾಜಿ ತಂದರು. ಮುಂದೆ ಬರುವ ಯೋಜನೆಗಳಿಗೆ ಜನರ ಒಪ್ಪಿಗೆ ಕಡ್ಡಾಯ. ಈಗಾಗಲೇ ಶುರುವಾದವು ಇದ್ದ ಹಾಗೆಯೇ. ದೊಡ್ಡಮ್ಮನೂ ಸೇರಿದ್ದ ಮೂಲನಿವಾಸಿಗಳ ಕೂಟ ತಕರಾರು ತೆಗೆಯದಿದ್ದರೆ ಹಟ ಹಿಡಿದ ದೇಶಗಳೂ ಸಹಿ ಹಾಕುವವು. ಕೂಟದವರೆಲ್ಲ ದೊಡ್ಡಮ್ಮನ ಮುಖ ನೋಡಿದರು: ಕಳೆದುಕೊಳ್ಳುವವರು ನೀವು, ನೀವು ಬೇಡವೆಂದರೆ ನಮಗೂ ಬೇಡ.

"ಕೇಳಿ ಹೇಳ್ತೀನಿ" ಎಂದು ದೊಡ್ಡಮ್ಮ ಎದ್ದರು.

ಮೆಟ್ಟಿಲ ಮೇಲೆ ಕುಳಿತು ಊರಿಗೆ ಫೋನು ಹಚ್ಚಿಸಿದರು. ದೋಣಿಮನೆಯಲ್ಲಿ ಊರೆಲ್ಲ ನೆರೆದಿತ್ತು. ಉಪ್ಪುಖಾರ ಹಚ್ಚದೆ, ತಮ್ಮ ಕಡೆಗೆ ಒಂದೆಳೆಯೂ ಜಗ್ಗಿಕೊಳ್ಳದೆ ಅವರು ವಿಷಯವನ್ನು ಬಿಡಿಸಿಟ್ಟ ರೀತಿಗೆ, ನ್ಯಾಯಾಲಯಗಳನ್ನು ಕಂಡ ತಂಗಿಯ ಮಗಳೇ ಬೆರಗಾದಳು. ಆ ತುದಿಯಲ್ಲಿ ಜಗಳವೆದ್ದಿತು, ಯಾರೋ ಅತ್ತರು, ಯಾರೋ ಬೈದರು. ಕಡೆಗೆ ಓರಗಿತ್ತಿಯ ದನಿ ಕೇಳಿತು.

"ಅಕ್ಕಾ, ನಮಗೆ ಬೇಲಿ ಹಾಕಿದ್ದಾಯ್ತು. ಇನ್ನೊಂದು ಊರಿಗೆ ಹಾಕದೆ ಇರ್ಲಿ. ಒಪ್ಕೊಂಡು ಬಾ."

"ಎಲ್ಲರ ಮಾತೂ ಇದೇನಾ?"

"ಎಲ್ಲರದ್ದೂ. ನಿನಗೇನು ಅನ್ಸುತ್ತೆ?"

"ನನಗೆ ಬೇಡ ಅನ್ಸುತ್ತೆ."

"ಆದ್ರೂ ಒಪ್ಕೋ ಅಕ್ಕಾ."

ಫೋನು ಇಟ್ಟ ದೊಡ್ಡಮ್ಮ ಕೋಟಿನ ಅಂಚನ್ನು ಹಿಂಡುತ್ತ ಕೂತರು. "ಕೀಳಿಸ್ತೀನಿ ಅಂದಿದ್ದೆ ಕಣೇ" ಎಂದದ್ದು ಅಷ್ಟೇ.

ಸಭೆಗೆ ಮರಳಿ ಅವರು ಊರಿನ ಮಾತನ್ನಿಟ್ಟರು. "ನಮ್ಮೂರು ಒಪ್ಪಿದೆ. ನಮ್ಮ ಕಾಡು ಬೇಲಿಯೊಳಗೇ ಉಳಿಯುತ್ತೆ ಅಂತ ಗೊತ್ತಿದ್ದೇ ಒಪ್ಪಿದೆ. ಇನ್ನು ಯಾರ ಊರಿಗೂ ಕೇಳದೆ ಕಾಲಿಡಬೇಡಿ." ತಮ್ಮ ಅಭಿಪ್ರಾಯ ಬೇರೆಯಿತ್ತೆಂಬ ಸುಳಿವು ಒಂದು ಅಕ್ಷರದಲ್ಲೂ ಇರಲಿಲ್ಲ. ಭಾಷಾಂತರಿಸುತ್ತಿದ್ದ ತಂಗಿಯ ಮಗಳು ನಡುವೆ ನಿಲ್ಲಿಸಿ ಕಣ್ಣೊರೆಸಿಕೊಂಡಾಗ ದೊಡ್ಡಮ್ಮ ಮೇಜಿನ ಕೆಳಗೆ ಅವಳ ಕೈ ಅದುಮಿದರು: "ಅಳೋದು ಆಮೇಲೆ. ಮೊದಲು ಪೂರ್ತಿ ಹೇಳು."

ಒಪ್ಪಂದವಾಯಿತು. ಕೆಲವು ವರ್ಷಗಳ ಬಳಿಕ, ಎಲ್ಲೋ ಬೆಟ್ಟದ ಜನ ಒಪ್ಪಂದದ 'ಒಪ್ಪಿಗೆ' ಎಂಬ ಪದವನ್ನೇ ಮುಂದೊಡ್ಡಿ, ಬೇಲಿಗೆಂದು ಅಳತೆಗೆ ಬಂದವರನ್ನು ವಾಪಸು ಕಳಿಸಿದ ಸುದ್ದಿ ಬಂತು. ಬೇಲಿಯ ಹೊರಗುಳಿದ ಬಡಕಲು ಕೆಸರಿನಲ್ಲಿ ಏಡಿ ಹುಡುಕುತ್ತಿದ್ದ ದೊಡ್ಡಮ್ಮ ಸೊಂಟ ನೆಟ್ಟಗೆ ಮಾಡಿಕೊಂಡು, "ಅಲ್ಲಿ ಹೆಂಗಸರನ್ನೂ ಕೇಳಿದ್ರಂತಾ?" ಎಂದರು.

ಜನರ ಪರವಾಗಿ ಮಾತಾಡುವವರು ಆ ವಕೀಲೆಯ ವೃತ್ತಿಯಲ್ಲಿ ಹೇರಳ. ನಿರರ್ಗಳವಾಗಿ ಮಾತಾಡುತ್ತಾರೆ, ಹಲವೊಮ್ಮೆ ಪ್ರಾಮಾಣಿಕವಾಗಿಯೂ. ಆದರೆ ಜನರ ತೀರ್ಮಾನ ತಮ್ಮ ಹಂಬಲವನ್ನೇ ಮುರಿದಾಗ, ಆ ತೀರ್ಮಾನವನ್ನು ಬಾಗಿಸದೆ, ಮುಕ್ಕಾಗಿಸದೆ ಸಮಸ್ತ ಲೋಕದೆದುರು ಇಳಿಸಬಲ್ಲವರು ಎಲ್ಲೋ ಒಬ್ಬರು. ಅವರ ಹೆಸರು ಯಾವ ಒಪ್ಪಂದದಲ್ಲೂ ಇರುವುದಿಲ್ಲ. ಒಪ್ಪಂದ ಎಂಬ ಪದಕ್ಕೆ ಇನ್ನೂ ಅರ್ಥ ಉಳಿದಿರುವುದು ಅಂಥವರಿಂದ.