ಮೂರನೇ ಸಲ ಬಂದ ಗಾಡಿ

ಬೆಂಗೇರಿಯ ಮಾಲತೇಶನ ಕೈಗುಣ ದೊಡ್ಡದು ಎಂದು ಗಿರಾಕಿಗಳೆಲ್ಲ ಹೇಳುತ್ತಿದ್ದರು. ಮೂವತ್ತು ವರ್ಷ ಬೈಕಿನ ಗ್ಯಾರೇಜು ನಡೆಸಿದ್ದು ಕಿವಿಯಿಂದ ಎಂಬುದು ಅವನಿಗೊಬ್ಬನಿಗೇ ಗೊತ್ತಿತ್ತು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನ ಸ್ಕ್ರೂ ತಿರುವುವಾಗ ಕಣ್ಣು ಮುಚ್ಚುವುದು ಅವನ ರೂಢಿ. ಇಂಜಿನ್ನಿನ ದನಿ ಒಂದು ಎಳೆಯಷ್ಟು ಮೇಲೇಳುವ ಜಾಗವೊಂದಿರುತ್ತದೆ, ಕೈ ಅಲ್ಲಿ ನಿಲ್ಲಬೇಕು. ಎರಡು ವರ್ಷದಿಂದ ಆ ಜಾಗ ಅವನಿಗೆ ಸಿಗುತ್ತಿರಲಿಲ್ಲ. ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಕಿವಿ ಕೇಳದ ಮೇಸ್ತ್ರಿಯ ಕೈಗೆ ಗಾಡಿ ಕೊಡುವವರು ಯಾರು? ಹೊಸ ಗಾಡಿಗಳಿಗೆ ಕಾರ್ಬೊರೇಟರೇ ಇರುವುದಿಲ್ಲವಾದ್ದರಿಂದ ದಿನ ಹೇಗೋ ಕಳೆದಿತ್ತು.

ಈಗ ಬಸವಪ್ರಭುವಿನ ಗಾಡಿ ಮೂರನೇ ಸಲ ಬಂದು ನಿಂತಿತ್ತು. ಹತ್ತಿಬೀಜದ ಅಂಗಡಿಯ ಈ ಸಾವಕಾರ ಸುಮ್ಮನಿದ್ದವನಲ್ಲ. ಯಾರದೋ ಮಾತು ಕೇಳಿ, ಹದಿನೈದು ವರ್ಷ ತಕರಾರಿಲ್ಲದೆ ಓಡಿದ ಗಾಡಿಯ ಗಾಳಿ ಫಿಲ್ಟರಿನ ಡಬ್ಬಿ ಕಿತ್ತು, ಆನ್‌ಲೈನಿನಲ್ಲಿ ತರಿಸಿದ ಕೆಂಪು ಫಿಲ್ಟರ್ ಕೂಡಿಸಿದ್ದ. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು. ಗಾಳಿ ಹೆಚ್ಚಾಗಿ ಪೆಟ್ರೋಲು ಸಾಲದೆ ಇಂಜಿನ್ ಕಾಯತೊಡಗಿತು, ಸೈಲೆನ್ಸರ್ ಫಟ್ ಫಟ್ ಎನ್ನತೊಡಗಿತು. ಮಾಲತೇಶ ಮೊದಲ ಸಲ, ಪೆಟ್ರೋಲು ಹೆಚ್ಚು ಬರಲೆಂದು, ದೊಡ್ಡ ತೂತಿನ ಜೆಟ್ ಹಾಕಿದ. ಎರಡನೇ ಸಲ ಸ್ಕ್ರೂ ಅಂದಾಜಿನ ಮೇಲೆ ತಿರುವಿ "ಆತ್ರಿ" ಎಂದು ಕಳಿಸಿದ. ಆಗಿರಲಿಲ್ಲ.

"ನಿನ್ನೆ ನವಲೂರ ಏರಿನ್ಯಾಗ ಬಂದ್ ಬಿತ್ತು ಮಾಲತೇಶಣ್ಣ," ಎಂದ ಬಸವಪ್ರಭು. "ಹಿಂದ ಮಗಳು ಕುಂತಿದ್ಲು. ಆಕಿ ಹಿಂದ ಟ್ರಕ್ ಇತ್ತು. ಇವತ್ತ ಆಗೂದಿಲ್ಲಂದ್ರ ಖರೇ ಹೇಳಿಬಿಡು, ಬ್ಯಾರೆ ಕಡೆ ಒಯ್ತೀನಿ."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು.

"ಆಗತೈತಿ, ಕುಂದರ್ರಿ," ಎಂದು ಮಾಲತೇಶ ಮೊಣಕಾಲೂರಿ ಕುಳಿತ. ಮೊಣಕಾಲೂ ಈಚೆಗೆ ಅವನ ಮಾತು ಕೇಳುತ್ತಿರಲಿಲ್ಲ. ಪ್ಲಗ್ ಬಿಚ್ಚಿ ನೋಡಿದ. ಹದವಾಗಿ ಬೆಂದ ರೊಟ್ಟಿಯ ಕಂದು ಇರಬೇಕಾದಲ್ಲಿ ಸುಣ್ಣದಂತೆ ಬೆಳ್ಳಗಿತ್ತು, ಪೆಟ್ರೋಲು ಇನ್ನೂ ಸಾಲುತ್ತಿರಲಿಲ್ಲ. ಒರೆಸಿ ಹಾಕಿ ಗಾಡಿ ಚಾಲು ಮಾಡಿ, ಕಣ್ಣು ಮುಚ್ಚಿ ಸ್ಕ್ರೂ ತಿರುವಿದ. ಒಳಗೆ ಒಂದು ಸುತ್ತು, ಹೊರಗೆ ಒಂದು ಸುತ್ತು. ಇಂಜಿನ್ನಿನ ಗುಡುಗುಡು ಕೇಳಿಸುತ್ತಿತ್ತು, ಅದರೊಳಗಿನ ಎಳೆ ಕೇಳಿಸುತ್ತಿರಲಿಲ್ಲ. ಮತ್ತೊಮ್ಮೆ. ಇನ್ನೊಮ್ಮೆ. ಬೆನ್ನ ಮೇಲೆ ಬೆವರು ಇಳಿಯಿತು. ಇದ್ದಲ್ಲೇ ಎದ್ದು ಶಟರ್ ಎಳೆದು ಹೋಗಿಬಿಡೋಣ ಎನ್ನುವಷ್ಟು ಸಾಕಾಗಿತ್ತು ಅವನಿಗೆ.

ಮಣಿಕಟ್ಟಿನ ಮೇಲೆ ಹಿಟ್ಟು ಮೆತ್ತಿದ ಕೈಯೊಂದು ಬಿತ್ತು. ಕಣ್ಣು ತೆರೆದರೆ ಹೆಂಡತಿ ಸುಕನ್ಯಾ. ಗ್ಯಾರೇಜಿನ ಹಿಂಗೋಡೆಯ ಆಚೆಗೇ ಅವರ ಅಡಿಗೆಮನೆ. ಎರಡು ವರ್ಷದಿಂದ ಈಕೆಯ ಗಂಟಲು ದೊಡ್ಡದಾಗಿತ್ತು. ಉಣ್ಣಲು ಕರೆದರೂ ಜಗಳಕ್ಕೆ ಕರೆದ ಹಾಗೆ, ಅದೂ ಎದುರಿಗೇ ಬಂದು ನಿಂತು. ವಯಸ್ಸಾದಂತೆ ಸಿಟ್ಟಿನ ಹೆಂಗಸಾದಳು ಎಂದು ಅವನು ಚಹಾದಂಗಡಿಯಲ್ಲಿ ಆಡಿಕೊಂಡೂ ಇದ್ದ.

"ಹಿಂದ ತಿರುವ್ರಿ," ಎಂದಳು ಅವನ ಮುಖದೆದುರು ಬಾಗಿ. "ಆ ಜಾಗಾ ಮೂರು ಸಲ ದಾಟಿ ಹೋದ್ರಿ."

ಅವನು ನಿಧಾನಕ್ಕೆ ತಿರುವಿದ. ಅವಳ ಬೆರಳುಗಳು ಮಣಿಕಟ್ಟನ್ನು ಒತ್ತಿದವು. ಅವನು ನಿಲ್ಲಿಸಿದ. ಎಕ್ಸಿಲರೇಟರ್ ಹಿಂಡಿ ಬಿಟ್ಟರೆ ಸೈಲೆನ್ಸರ್ ತೆಪ್ಪಗಿತ್ತು.

ಬಸವಪ್ರಭು ಉಣಕಲ್ಲಿನ ತನಕ ಹೋಗಿ ನೋಡಿಕೊಂಡು ಬರಲು ಹೊರಟ.

"ನಿನಗ ಹ್ಯಾಂಗ ಗೊತ್ತಾತು?" ಎಂದು ಮಾಲತೇಶ ಹೆಂಡತಿಯನ್ನು ಕೇಳಿದ.

"ಮೂವತ್ತು ವರ್ಷ ಆ ಗ್ವಾಡಿ ಹಿಂದ ರೊಟ್ಟಿ ಬಡದೇನಿ. ನಿಮ್ಮ ಕೈ ಎಲ್ಲಿ ನಿಂದರತಿತ್ತು ಗೊತ್ತಿಲ್ಲೇನು?"

"ನನ್ನ ಕಿವಿದು?"

"ಅದೂ ಗೊತ್ತೈತಿ. ಎರಡು ವರ್ಷ ಆತಲ್ಲ."

ಮಾಲತೇಶನಿಗೆ ಚಹಾದಂಗಡಿಯ ಮಾತು ನೆನಪಾಗಿ ತಲೆ ಎತ್ತಲಾಗಲಿಲ್ಲ. "ಮತ್ತ ಯಾಕ ಅನ್ನಲಿಲ್ಲ?"

"ನೀವ ಮುಚ್ಚಿ ಇಟ್ಟಿದ್ರಿ. ನಾ ಯಾಕ ತಗೀಲಿ?"

ಅರ್ಧ ತಾಸಿಗೆ ಗಾಡಿ ಬಂತು. ಬಿಚ್ಚಿದರೆ ಪ್ಲಗ್ಗಿನ ತುದಿ ಬೆಂದ ರೊಟ್ಟಿಯ ಬಣ್ಣ. "ಈಗ ಬಂತ ನೋಡು ನಿನ್ನ ಕೈ," ಎಂದ ಬಸವಪ್ರಭು. ಸುಕನ್ಯಾ ಸೆರಗಿಗೆ ಕೈ ಒರೆಸುತ್ತ ಬೇರೆ ಕಡೆ ನೋಡಿದಳು. ಸುಮ್ಮನಿದ್ದರೆ ಮುಗಿದಿತ್ತು. ಆದರೆ ಏರಿನಲ್ಲಿ ಗಾಡಿಯ ಹಿಂದೆ ಕುಳಿತಿದ್ದ ಆ ಹುಡುಗಿ ಮಾಲತೇಶನ ಎದೆಯಿಂದ ಇಳಿಯಲೊಲ್ಲಳು.

"ನನಗ ಕಿವಿ ಕೇಳಂಗಿಲ್ರಿ ಸಾವಕಾರ್ರ," ಎಂದ. "ಈಕಿ ಹೇಳಿದ್ಲು, ನಾ ತಿರುವಿದೆ."

ಬಸವಪ್ರಭು ಇಬ್ಬರನ್ನೂ ನೋಡಿದ. "ಮುಂದಿನ ಸಲ ಅಕ್ಕಾರು ಮನ್ಯಾಗ ಇದ್ದಾಗ ಬರತೇನಿ," ಎಂದು ಹೊರಟ. ಸಂಜೆಯೊಳಗೆ ಬೆಂಗೇರಿಗೆಲ್ಲ ಗೊತ್ತಾಗುತ್ತದೆ, ಆಗಲಿ ಎನ್ನಿಸಿತು ಮಾಲತೇಶನಿಗೆ. ಬಚ್ಚಿಟ್ಟು ಬಚ್ಚಿಟ್ಟು ದಣಿದಿದ್ದ.

ಸುಕನ್ಯಾ ಒಳಗೆ ಹೋಗುತ್ತ, ಬೆನ್ನು ತಿರುಗಿಸಿಕೊಂಡೇ ಏನೋ ಅಂದಳು. ಇಷ್ಟು ದಿನ ಇಂಥದ್ದಕ್ಕೆ ಅವನು ಕೇಳಿಸಿದವನಂತೆ ತಲೆಯಾಡಿಸುತ್ತಿದ್ದ.

"ಏನಂದಿ? ಕೇಳಲಿಲ್ಲ."

ಅವಳು ತಿರುಗಿ ಬಂದು ಎದುರಿಗೆ ನಿಂತಳು. ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು. "ರೊಟ್ಟಿ ಆರಾಕತ್ತಾವು, ಕೈ ತೊಳಕೊಂಡ ಬರ್ರಿ ಅಂದೆ."