ಹಕ್ಕಳೆ ಕೀಳುವ ಭಾವ

ನಮ್ಮ ಭಾವನಿಗೆ ಗಾಯದ ಹಕ್ಕಳೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಶೇವ್ ಮಾಡಿಕೊಳ್ಳುವಾಗ ಗಲ್ಲ ಕೊಯ್ದುಕೊಳ್ಳುತ್ತಾರೆ, ಒಣಗುವಷ್ಟರಲ್ಲಿ ಕೆರೆದು ಕೀಳುತ್ತಾರೆ, ಮತ್ತೆ ರಕ್ತ. "ಅದರ ಪಾಡಿಗೆ ಅದನ್ನ ಬಿಡಿ, ತಾನೇ ಉದುರತ್ತೆ" ಎಂದು ಅಕ್ಕ ಬಡಕೊಳ್ಳುತ್ತಲೇ ಇರುತ್ತಾಳೆ. ಇಂಥ ಮಹಾನುಭಾವರನ್ನು ಹುಡುಕಿ ಹುಡುಕಿ ಎಣ್ಣೆಬಾವಿಯ ಮ್ಯಾನೇಜರ್ ಮಾಡಿದ್ದಾರೆ. ಅದೇ ಬಾವಿಗೆ ದ್ರವ ಕಲಸಿ ಕೊಡುವ ಕೆಮಿಸ್ಟು ನಾನು. ನನ್ನ ಹಣೆಬರಹ.

ನಮ್ಮ ಬಾವಿ ನೆಟ್ಟಗೆ ಇಳಿದು, ಎಣ್ಣೆಯಿರುವ ಸಡಿಲ ಮರಳುಗಲ್ಲು ಸಿಕ್ಕ ಕೂಡಲೇ ಅಡ್ಡ ಮಲಗಿಬಿಡುತ್ತದೆ. ಕೊರೆಯುವಾಗ ಗೋಡೆಗೆ ಕೆಸರಿನ ತೆಳು ಪದರ ಮೆತ್ತಿಕೊಳ್ಳುತ್ತದೆ. ಪುಸ್ತಕದವರು ಅದಕ್ಕೆ 'ಕೇಕು' ಎನ್ನುತ್ತಾರೆ, ಯಾರ ಹುಟ್ಟುಹಬ್ಬವೋ ಗೊತ್ತಿಲ್ಲ. ನಾವು ಹಕ್ಕಳೆ ಎನ್ನುತ್ತೇವೆ. ಎಣ್ಣೆಯ ಜೊತೆ ಮರಳು ನುಗ್ಗದಂತೆ ಜಾಲರಿ ಪೈಪು ಇಳಿಸಿ, ಅದರ ಸುತ್ತ ಗ್ರಾವೆಲ್ಲನ್ನು, ಅಂದರೆ ಸಣ್ಣ ಜಲ್ಲಿಯನ್ನು, ಉಪ್ಪುನೀರಿನಲ್ಲಿ ತೇಲಿಸಿ ಬಾವಿಯ ತುದಿಯವರೆಗೂ ತುಂಬಬೇಕು. ಅಲ್ಲಿಯವರೆಗೆ ಹಕ್ಕಳೆ ಇರಲೇಬೇಕು; ಇಲ್ಲದಿದ್ದರೆ ನೀರು ಬಂಡೆಯೊಳಗೆ ಸೋರಿ, ಗ್ರಾವೆಲ್ ನಡುದಾರಿಯಲ್ಲೇ ಕೂತುಬಿಡುತ್ತದೆ. ತುಂಬಿದ ಮೇಲೆ ಹಕ್ಕಳೆ ಹೋಗಲೇಬೇಕು. ಇಲ್ಲದಿದ್ದರೆ ಎಣ್ಣೆ ಬರುವುದಿಲ್ಲ. ಅದನ್ನು ನಿಧಾನವಾಗಿ ಕರಗಿಸುವ ಮದ್ದು ನನ್ನ ಬಳಿ ಇತ್ತು. 'ನಿಧಾನ' ಎಂಬ ಮಾತೇ ಭಾವನಿಗೆ ಬೈಗುಳ.

"ದೊಡ್ಡ ಸಾಹೇಬರು ಎಣ್ಣೆ ನೋಡೋಕೆ ಬರ್ತಿದಾರೆ. ಗ್ರಾವೆಲ್ ಜೊತೆಗೇ ಆಸಿಡ್ ಹಾಕ್ಬಿಡು. ತುಂಬೋದು, ತೊಳೆಯೋದು ಎರಡೂ ಒಟ್ಟಿಗೆ ಮುಗಿದ್ಹೋಗತ್ತೆ," ಎಂದರು.

"ಭಾವ, ಆಸಿಡ್ ಹಕ್ಕಳೇನ ಗಬಕ್ಕಂತ ತಿಂದುಹಾಕತ್ತೆ. ತುದಿ ಖಾಲಿ ಉಳಿದು ಬಾವಿ ಮರಳು ಕಾರತ್ತೆ. ಇದೂ ಹಾಳಾದ್ರೆ ಸೈಟ್ ಮುಚ್ತೀವಿ ಅಂದಿದಾರೆ. ನಾವೆಲ್ಲ ಮನೇಗೆ."

"ನೀನು ಓದಿದ್ದು ಜಾಸ್ತಿಯಾಯ್ತು. ಹೇಳಿದಷ್ಟು ಮಾಡು."

ಕೋಣನ ಮುಂದೆ ಕಿನ್ನರಿ ಬಾರಿಸಿ ಏನು ಬಂತು? ಮೈಯೆಲ್ಲ ಉರಿಯಿತು, ಹೆದರಿಕೆಯೂ ಆಯಿತು. ಕೂಸಿನ ಹಾಗೆ ಸಾಕಿದ ಬಾವಿ ಅದು. ಹೂಂ ಎಂದೆ. ಆಸಿಡ್ ಡ್ರಮ್ಮುಗಳನ್ನು ಸ್ಟೋರಿಗೆ ತಳ್ಳಿ, ಅದೇ ಹಳದಿ ಬಣ್ಣದ ಖಾಲಿ ಡ್ರಮ್ಮುಗಳಿಗೆ ಉಪ್ಪುನೀರು ತುಂಬಿಸಿ ಪಂಪಿಗೆ ಕೊಟ್ಟೆ.

ಗ್ರಾವೆಲ್ ಒಳಗೆ ಹೋಗುತ್ತಿದ್ದಷ್ಟು ಹೊತ್ತೂ ಒತ್ತಡದ ಮುಳ್ಳನ್ನೇ ನೋಡುತ್ತ ಉಗುರು ಕಚ್ಚಿದೆ. ಹಿಂದಕ್ಕೆ ಬರುವ ನೀರು ಕಡಿಮೆಯಾಗಲಿಲ್ಲ, ಅಂದರೆ ಬಂಡೆಗೆ ಸೋರುತ್ತಿಲ್ಲ. ಕೊನೆಗೆ ಮುಳ್ಳು ಸರ್ರನೆ ಏರಿತು. ತುದಿಯಿಂದ ಬುಡದವರೆಗೂ ತುಂಬಿತ್ತು! ನನಗೆ ಅಳುವೇ ಬಂದುಬಿಟ್ಟಿತು.

"ನೋಡಿದ್ಯಾ ಆಸಿಡ್ ಮಹಿಮೆ?" ಎಂದರು ಭಾವ.

ಅಯ್ಯೋ, ಕಣ್ಣಾರೆ ಕಂಡೆನಲ್ಲ! ಪೈಪು ತೊಳೆಯುವ ನೆಪ ಹೇಳಿ ನನ್ನ ಮದ್ದು ಇಳಿಸಿದೆ. ದೇವರು ದೊಡ್ಡವನು, ಸಾಹೇಬರಿಗೆ ನೆಗಡಿಯಾಗಿ ಭೇಟಿ ಮುಂದಕ್ಕೆ ಹೋಯಿತು. ಮದ್ದಿಗೆ ಬೇಕಾದಷ್ಟು ಸಮಯ ಸಿಕ್ಕಿತು. ಅವರು ಬಂದು ವಾಲ್ವ್ ತಿರುಗಿಸಿದಾಗ ಒಂದು ಕಾಳು ಮರಳಿಲ್ಲದ ಎಣ್ಣೆ ಬಂತು.

"ಇನ್ನು ನಮ್ಮ ಎಲ್ಲ ಬಾವಿಗೂ ಇವರ ಆಸಿಡ್ ವಿಧಾನವೇ!" ಎಂದು ಭಾವನ ವರ್ಣನೆ ಕೇಳಿದ ಸಾಹೇಬರು ಅಲ್ಲೇ ಘೋಷಿಸಿದರು.

ಒಂದು ಬಾವಿ ಉಳಿಸಲು ಹೋಗಿ, ಉಳಿದವನ್ನೆಲ್ಲ ಕೆಡಿಸಲು ನಾನೇ ದಾರಿ ಮಾಡಿಕೊಟ್ಟಿದ್ದೆ. ಭಾವನನ್ನು ಪಂಪ್ ಶೆಡ್ಡಿನ ಹಿಂದಕ್ಕೆ ಕರೆದೊಯ್ದೆ.

"ಭಾವ, ನಾನು ಹಾಕಿದ್ದು ಆಸಿಡ್ ಅಲ್ಲ, ಉಪ್ಪುನೀರು. ಹಕ್ಕಳೆ ಕರಗಿಸಿದ್ದು ಆಮೇಲೆ ಇಳಿಸಿದ ನನ್ನ ಮದ್ದು. ನೀವು ಹೇಳ್ತೀರೋ, ನಾನು ಹೇಳ್ಲೋ?"

ಭಾವ ಗಲ್ಲದ ಹಕ್ಕಳೆ ಕೆರೆಯತೊಡಗಿದರು. ಪಶ್ಚಾತ್ತಾಪ ಎಂದುಕೊಂಡೆ, ನನ್ನ ಹುಚ್ಚು.

"ಯಾರಿಗೂ ಹೇಳೋದು ಬೇಡ," ಎಂದರು. "ಎಲ್ಲ ಬಾವಿಗೂ ಉಪ್ಪುನೀರೇ ಹಾಕು, ಆಮೇಲೆ ನಿನ್ನ ಮದ್ದು. ಡ್ರಮ್ ಮೇಲೆ ಮಾತ್ರ ಆಸಿಡ್ ಅಂತ ಇರ್ಲಿ."

ಈಗ ನಾನು ಆಸಿಡ್ ವಿಧಾನದ ಮೇಲ್ವಿಚಾರಕಿ. ಸೈಟಿಂದ ಸೈಟಿಗೆ ಹೋಗಿ ಹಳದಿ ಡ್ರಮ್ಮುಗಳಿಗೆ ಉಪ್ಪುನೀರು ತುಂಬಿಸುತ್ತೇನೆ. ಬಾವಿಗಳೆಲ್ಲ ಚೆನ್ನಾಗಿವೆ. ಭಾವನಿಗೆ ಬಡ್ತಿಯೂ ಬಂತು, ಪ್ರಶಸ್ತಿಯೂ ಬಂತು. ವೇದಿಕೆಯ ಮೇಲೆ ಫಲಕ ಹಿಡಿದು ನಿಂತಾಗ ಗಲ್ಲದಿಂದ ರಕ್ತ ಇಳಿಯುತ್ತಿತ್ತು.

ನನ್ನ ಪಕ್ಕದಲ್ಲಿ ಕೂತಿದ್ದ ಅಕ್ಕ ಹೆಮ್ಮೆಯಿಂದ ಕಣ್ಣೊರೆಸಿಕೊಂಡು, "ನಿಮ್ಮ ಭಾವನ್ನ ನೋಡಿ ಸ್ವಲ್ಪ ಕಲಿತ್ಕೊಳ್ಳೇ," ಎಂದಳು.

"ಕಲೀತಾನೇ ಇದೀನಿ ಅಕ್ಕ," ಎಂದು ಬ್ಯಾಗಿನಲ್ಲಿ ಹತ್ತಿ ಹುಡುಕತೊಡಗಿದೆ.