ಹಿತ್ತಾಳೆ ಮೀನು

ಏಳು ಕೆರೆ, ಏಳು ಕೋಟೆ ದಾಟಿದರೆ ಸಿಗುವ ಊರಲ್ಲಲ್ಲ, ಇದೇ ಊರಿನಲ್ಲಿ, ಬಳೇಪೇಟೆಯ ಹಿಂದಿನ ಗಲ್ಲಿಯೊಂದರಲ್ಲಿ ಒಬ್ಬ ರಾಕ್ಷಸನಿದ್ದನಂತೆ. ಅವನ ಪ್ರಾಣ ಗಿಳಿಯಲ್ಲಿರಲಿಲ್ಲ. ಒಂದು ಹಿತ್ತಾಳೆ ಮೀನಿನಲ್ಲಿತ್ತು. ಮೀನಿಗೆ ಉಕ್ಕಿನ ನಾಲಗೆ. ನಾಲಗೆ ಒಳಗೆ ಮಡಚಿಕೊಂಡಿದ್ದಾಗ ರಾಕ್ಷಸ ಎಲ್ಲರ ಹಾಗೆ ಮನುಷ್ಯ. ಬೀಡಿ ಸೇದುತ್ತಿದ್ದ, ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಕರಗ ತೋರಿಸುತ್ತಿದ್ದ. ನಾಲಗೆ ಹೊರಗೆ ಬಂತೋ, ಮುಗಿಯಿತು. ಒಂದು ಸಂಜೆ ಆ ನಾಲಗೆಯ ತುದಿ ಹೂ ಮಾರುವ ಹೆಂಗಸೊಬ್ಬಳ ಹೆಗಲ ಮೂಳೆಯಲ್ಲಿ ಮುರಿದು ಅಲ್ಲೇ ಉಳಿದುಬಿಟ್ಟಿತು.

"ಆಮೇಲೆ?" ಎಂದು ಧನುಶ್ರೀ ಪ್ರತಿಸಲವೂ ಕೇಳುತ್ತಿದ್ದಳು.

"ಆಮೇಲೇನು, ಮೀನು ತಪ್ಪಿಸ್ಕೊಂಡ್ತು. ಅದು ಸಿಕ್ಕಿದ್ ದಿನ ಕತೆ ಮುಗಿಯತ್ತೆ," ಎನ್ನುತ್ತಿದ್ದಳು ಅಜ್ಜಿ.

ಈಗ ಅದೇ ಹೆಗಲ ಮೇಲೆ ಧನುಶ್ರೀ ಬಿಸಿನೀರು ಹೊಯ್ಯುತ್ತಿದ್ದಳು. ಚಾಮರಾಜಪೇಟೆಯ ಆ ಓಣಿಯಲ್ಲಿ ನಾಲ್ವರು ಹೆಂಗಸರು ಸೀರೆಗಳನ್ನು ಅಡ್ಡ ಹಿಡಿದು ನಿಂತಿದ್ದರು. ಬೆಳಗಿನ ಜಾವ ಸತ್ತ ಅಜ್ಜಿ ಬೈರಮ್ಮ ಮಣೆಯ ಮೇಲೆ ಒರಗಿ ಕೂತಿದ್ದಳು. ಎಡಹೆಗಲಿನ ಕಲೆ ನೀರು ಬಿದ್ದಾಗ ಮಿರಮಿರ ಮಿನುಗಿತು.

"ಮೆತ್ತಗೆ ಹುಯ್ಯೇ," ಎಂದಳು ಅಂಬುಜಮ್ಮ. ಗಾಂಧಿ ಬಜಾರಿನಲ್ಲಿ ಬೈರಮ್ಮನ ಬುಟ್ಟಿಯ ಪಕ್ಕದಲ್ಲೇ ಬುಟ್ಟಿಯಿಟ್ಟು ಮುದುಕಿಯಾದವಳು. "ಅಲ್ಲಿ ಮುಟ್ಟಿದ್ರೆ ಕೆಟ್ಟ ಬೈಗುಳ ಬೈತಿದ್ಲು. ಈಳಿಗೆಮಣೆ ಮೇಲೆ ಬಿದ್ದಿದ್ದಂತೆ ಪಾಪ."

ಧನುಶ್ರೀ ಚೊಂಬನ್ನು ತಗ್ಗಿಸಿ ಹಿಡಿದಳು.

ಓಣಿಯ ಬಾಯಲ್ಲಿ ಆಟೋ ನಿಂತಿತು. ಅವಳ ಅಪ್ಪ ಲಕ್ಷ್ಮೀಶ ಚಪ್ಪಲಿಯನ್ನೂ ಹಾಕದೆ ಓಡಿದ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತಿಗೆ ಬಂದವನು, ಮಗುವಿನ ಹಾಗೆ ಓಡಿದ. ಹಿಂದಿರುಗಿದಾಗ ಅವನ ತೋಳಿಗೆ ಒಬ್ಬ ಮುದುಕ ಆತುಕೊಂಡಿದ್ದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಅಗಲವಾದ ಕೈಗಳು.

"ಯಾರಪ್ಪ ಇವ್ರು ಲಕ್ಷ್ಮೀಶ?"

"ನಮ್ಮಪ್ಪ, ಅಂಬುಜಮ್ಮ. ಆಂಜಿನಯ್ಯ ಅಂತ. ಮತ್ತಿಕೆರೇಲಿದ್ರು. ಅಮ್ಮಂಗೆ ಗೊತ್ತಿಲ್ದಂಗೆ ನೋಡ್ಕೊಂಡ್ ಬರ್ತಿದ್ದೆ. ನಾನೇ ಫೋನ್ ಮಾಡ್ದೆ."

ಅಂಬುಜಮ್ಮನ ಕೈಯ ಚೊಂಬು ಜಾರಿತು. ಬೈರಮ್ಮ ಹಣೆಗೆ ಇಡುತ್ತಿರಲಿಲ್ಲ, ಬಳೆ ತೊಡುತ್ತಿರಲಿಲ್ಲ. ಗಂಡ ಸತ್ತಿದ್ದಾನೆಂದೇ ಬಜಾರೆಲ್ಲ ತಿಳಿದಿತ್ತು.

"ಅಯ್ಯೋ ಶಿವನೇ! ಹಂಗಾದ್ರೆ ನಮ್ ಬೈರಿ ಮುತ್ತೈದೆ ಕಣ್ರೇ! ಬರೀ ಹಣೇಲಿ ಕಳಿಸ್ತಿದ್ವಲ್ಲೇ! ಅರಿಶಿನ ತನ್ರೇ, ಕುಂಕುಮ ತನ್ರೇ. ಯಾರಾದ್ರೂ ಗಾಡಿ ತಗೊಂಡ್ ಬಳೇಪೇಟೆಗೆ ಓಡ್ರೋ, ಹಸಿರು ಬಳೆ ಬೇಕು!"

"ಬೇಡ," ಎಂದಳು ಧನುಶ್ರೀ. "ಅಜ್ಜಿಗೆ ಅದೆಲ್ಲ ಬೇಡ."

"ನಿಂಗೇನೇ ಗೊತ್ತು? ಗಂಡನ ಕೈಲಿ ದಾರ ಕಟ್ಟಿಸ್ಕೊಂಡ್ ಹೋಗೋದು ಅಂದ್ರೆ ಎಷ್ಟ್ ಜನಕ್ಕೆ ಸಿಗತ್ತೆ ಆ ಪುಣ್ಯ!"

ಮುದುಕ ತಲೆಯಾಡಿಸಿದ. ಪ್ಲಾಸ್ಟಿಕ್ ಕುರ್ಚಿ ಬಂತು, ಕಾಫಿ ಬಂತು.

*

ಭಾನುವಾರ ಬೆಳಗ್ಗೆ ಬೈರಮ್ಮ ಹೂ ಕಟ್ಟುತ್ತಿರಲಿಲ್ಲ. ಮೊಮ್ಮಗಳ ಕೈ ಹಿಡಿದು ಹಳೇ ಸಾಮಾನಿನ ಸಂತೆಗೆ ನಡೆಯುತ್ತಿದ್ದಳು. ಗೋಣಿಚೀಲದ ಮೇಲೆ ನಿಂತುಹೋದ ಗಡಿಯಾರಗಳು, ಒಂಟಿ ಬೂಟು, ಹೊಟ್ಟೆ ಬಿಚ್ಚಿದ ರೇಡಿಯೋ. ಅವಳು ಯಾವುದನ್ನೂ ನೋಡದೆ ಕಬ್ಬಿಣದ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಮಡಚುವ ಚಾಕುಗಳನ್ನಷ್ಟೇ ಹೆಕ್ಕುತ್ತಿದ್ದಳು. ಗೀರಿಗೆ ಉಗುರು ಸಿಗಿಸಿ ಅಲಗು ತೆರೆಯುವಳು. ಮೊನೆ ನೋಡುವಳು. ಆಮೇಲೆ ಕಿವಿಯ ಹತ್ತಿರ ಹಿಡಿದು ಮಡಚುವಳು. ಟಪ್ ಎಂದರೆ ಸ್ಪ್ರಿಂಗಿಗೆ ಇನ್ನೂ ಜೀವವಿದೆ.

"ಬೈರಕ್ಕಾ, ಇಷ್ಟೊಂದ್ ಚಾಕು ಕೂಡಿಟ್ಟು ಯಾರನ್ನ ಮುಗಿಸ್ಬೇಕು ಅಂತಿದೀಯಾ?" ಎಂದು ವ್ಯಾಪಾರಿ ಮಹಾನಂದ ರೇಗಿಸುತ್ತಿದ್ದ.

"ನಿನ್ನಿಂದ್ಲೇ ಶುರು ಮಾಡ್ಲಾ?"

ಮುರಿದ ಮೊನೆಯ ಚಾಕು ಸಿಕ್ಕಿದರೆ ಮಾತ್ರ ಅದನ್ನು ಬೆಳಕಿಗೆ ಹಿಡಿಯುತ್ತಿದ್ದಳು. ಹಿಡಿಯನ್ನು ಸೆರಗಿನಲ್ಲಿ ಒರೆಸಿ ಒರೆಸಿ ನೋಡುತ್ತಿದ್ದಳು. ಮೀನು ಇರುತ್ತಿರಲಿಲ್ಲ. "ನೀನಲ್ಲ ಬಿಡಪ್ಪ," ಎನ್ನುತ್ತಿದ್ದಳು ಆ ಚಾಕುವಿಗೆ, ಸಂದೇಹಪಟ್ಟದ್ದಕ್ಕೆ ಬೇಜಾರಾದವಳಂತೆ. "ಬಾ, ಮನೆಗ್ ಹೋಗಣ."

ಹಾಗೆ ಬಂದವು ಎಲ್ಲ. ಮುದುಕರ ಹಲ್ಲಿನಂತೆ ಹಳದಿಗಟ್ಟಿದ ಮೂಳೆಯ ಹಿಡಿಯದು, ಜಿಂಕೆ ಕೊಂಬಿನದು, ಕೊಕ್ಕಿನ ಹಾಗೆ ಬಾಗಿದ ಅಲಗಿನದು, ಕಿರುಬೆರಳಿಗಿಂತ ಚಿಕ್ಕದು. ಸೀಮೆಎಣ್ಣೆಯಲ್ಲಿ ನೆನೆಹಾಕಿ ತುಕ್ಕು ಬಿಡಿಸಿ, ಹಿತ್ತಾಳೆಗೆ ಹುಣಸೆಹಣ್ಣು ಉಜ್ಜಿ, ಸಂದಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟು, ಹಳೇ ಸೀರೆಯ ತುಂಡಿನಲ್ಲಿ ಒಂದೊಂದನ್ನೂ ಕೂಸಿನಂತೆ ಸುತ್ತಿ ಟ್ರಂಕಿನಲ್ಲಿ ಮಲಗಿಸುತ್ತಿದ್ದಳು. ಒಂದೊಂದಕ್ಕೂ ಒಂದು ಕತೆ. ಇದು ಜಟಕಾ ಸಾಬರದು, ಕುದುರೆ ಗೊರಸಿನ ಕಲ್ಲು ತೆಗೆಯುತ್ತಿದ್ದರು. ಇದು ಪೋಸ್ಟ್ ಮಾಸ್ಟರದು, ಹೆಂಡತಿ ಬರೆದ ಕಾಗದವನ್ನು ಮಾತ್ರ ಇದರಿಂದ ಬಿಡಿಸುತ್ತಿದ್ದರು. ಧನುಶ್ರೀ ಆ ಕತೆಗಳನ್ನು ಹೊದ್ದುಕೊಂಡು ನಿದ್ದೆ ಮಾಡಿದವಳು.

ಟ್ರಂಕಿನ ತುಂಬ ಚಾಕುಗಳಿದ್ದರೂ ಬೈರಮ್ಮ ಮಾತ್ರ ಹೂ ಕಟ್ಟುವ ಬಾಳೆನಾರನ್ನು ಜೀವಮಾನವಿಡೀ ಹಲ್ಲಿನಲ್ಲೇ ಕಡಿದಳು.

ಹೋದ ತಿಂಗಳು ಹಾಸಿಗೆ ಹಿಡಿದಾಗ ಮೊಮ್ಮಗಳನ್ನು ಹತ್ತಿರ ಕರೆದಳು. "ಆ ಕತೇಲಿರೋ ರಾಕ್ಷಸ ಯಾರ್ ಗೊತ್ತಾ? ನಿಮ್ಮಪ್ಪನ ಅಪ್ಪ."

ಧನುಶ್ರೀಗೆ ಎಷ್ಟೋ ವರ್ಷಗಳಿಂದ ಗೊತ್ತಿತ್ತು ಎಂದು ಅನ್ನಿಸಿತು. ಗೊತ್ತಿರಲಿಲ್ಲ ಎಂದೂ ಅನ್ನಿಸಿತು.

"ಸಾರಿಗೆ ಉಪ್ಪು ಜಾಸ್ತಿ ಆಗಿತ್ತು, ಅಷ್ಟೇ ಕಣೇ. ಗೋಡೆಗೆ ಒತ್ತಿ ಹಿಡಿದು ಚುಚ್ಚಿದ. ಕೀಳೋಕ್ ಹೋದಾಗ ಮೊನೆ ಒಳಗೇ ಮುರೀತು. ತೆಗೆದ್ರೆ ಕೈ ಹೋಗತ್ತೆ, ಇರ್ಲಿ ಬಿಡು ಅಂದ್ರು ಆಸ್ಪತ್ರೇಲಿ. ಅವನು ಅವತ್ತೇ ಓಡೋದ. ಚಾಕು ಗುಜರಿಗೆ ಹಾಕಿ ಕುಡಿದ್ನಂತೆ, ಯಾರೋ ಹೇಳಿದ್ರು. ರುಚಿ ಕಂಡಿರೋ ಚಾಕು ಅದು. ಇನ್ನೊಬ್ಬಳ ಮೈಗೆ ಬೀಳ್ಬಾರ್ದು ಅಂತ ಹುಡುಕ್ದೆ."

"ಅಪ್ಪಂಗ್ಯಾಕೆ ಹೇಳ್ಲಿಲ್ಲ?"

"ಮಗೂಗೆ ಅಪ್ಪನ ಹೆಗಲು ಅಂದ್ರೆ ಪ್ರಾಣ. ಜ್ವರ ಬೇರೆ. ಈಳಿಗೆಮಣೆ ಅಂದ್ಬಿಟ್ಟೆ. ಒಂದ್ಸಲ ಅಂದ್ಮೇಲೆ ಅದೇ ಆಗೋಯ್ತು." ಬೈರಮ್ಮ ಅವಳ ಕೈಯನ್ನು ಎಳೆದು ಹೆಗಲ ಮೇಲೆ ಇಟ್ಟುಕೊಂಡಳು. ಚರ್ಮದ ಕೆಳಗೆ ಗಟ್ಟಿಯಾದದ್ದೇನೋ ಇತ್ತು. "ಎರಡು ಮಾತು ಕೊಡು. ಅವನ ಕೈ ಮತ್ತೆ ನನ್ ಮೇಲೆ ಬೀಳ್ಬಾರ್ದು. ಆ ಮೀನು ಯಾವತ್ತಾದ್ರೂ ಸಿಕ್ಕಿದ್ರೆ, ಮಡಚಿ ನನ್ ಜತೆ ಕಳಿಸ್ಬಿಡು."

*

ಬಳೆಗಳು ಬಂದವು. ಸೆಟೆದ ಕೈಗೆ ಅವು ಏರಲಿಲ್ಲ. ಅಂಬುಜಮ್ಮ ಸೋಪು ಹಚ್ಚಿ ಒತ್ತಿದಳು. ಒಂದು ಬಳೆ ಮುರಿದು ಚೂರು ಮುಂಗೈಗೆ ನಾಟಿತು. ರಕ್ತ ಬರಲಿಲ್ಲ.

ಧನುಶ್ರೀ ಅಪ್ಪನನ್ನು ಬಾಗಿಲ ಹಿಂದಕ್ಕೆ ಎಳೆದಳು. "ಅಪ್ಪಾ, ಅಜ್ಜಿ ಯಾವ ಮಣೆ ಮೇಲೂ ಬಿದ್ದಿಲ್ಲ. ಇವ್ರೇ ಚುಚ್ಚಿದ್ದು. ಅಜ್ಜೀನೇ ಹೇಳಿದ್ಲು."

"ಸಾಯೋ ಹೊತ್ತಲ್ಲಿ ಏನೋ ಅಂದಿರ್ತಾಳೆ. ಚಿಕ್ಕಂದಿನಿಂದ ನಿನ್ ತಲೆ ತುಂಬಾ ರಾಕ್ಷಸರೇ. ಅವರಿಗೂ ವಯಸ್ಸಾಯ್ತಮ್ಮ. ಅಪ್ಪ ಅಂತ ನಂಗೆ ಇರೋದು ಅವ್ರೊಬ್ರೇ."

ಹೊರಗೆ ಚಟ್ಟದ ಮೇಲೆ ಬೈರಮ್ಮ ಹಸಿರು ಸೀರೆಯುಟ್ಟು, ಕೆನ್ನೆಗೆ ಅರಿಶಿನ, ಹಣೆಯಲ್ಲಿ ಕಾಸಗಲ ಕುಂಕುಮ ಇಟ್ಟುಕೊಂಡು ಯಾರೋ ಆಗಿ ಮಲಗಿದ್ದಳು. ಅಂಬುಜಮ್ಮ ದಾರ ಹೊಸೆದು ಅರಿಶಿನದ ಕೊಂಬು ಕಟ್ಟಿದಳು.

"ಉದ್ದ ಆಯ್ತು. ಕತ್ತರಿಸೋಕ್ ಏನಾದ್ರೂ ಕೊಡ್ರೇ."

"ತಗೊಳ್ಳಿ," ಎಂದ ಆಂಜಿನಯ್ಯ, ಕುರ್ಚಿಯಿಂದ ಏಳುತ್ತ. ಅವನ ಕೈ ಒಳಜೇಬಿಗೆ ಹೋಯಿತು. ಟಕ್.

ಕರೀ ಕೊಂಬಿನ ಹಿಡಿ. ಹಿಡಿಯಲ್ಲಿ ಕೂರಿಸಿದ ಹಿತ್ತಾಳೆ ಮೀನು, ಬೆರಳು ಸವೆಸಿ ಸವೆಸಿ ಕಣ್ಣು ಅಳಿಸಿಹೋಗಿತ್ತು. ಅಲಗು ಮೊನೆಯಿಲ್ಲದೆ ಮೊಟಕಾಗಿ ನಿಂತಿತ್ತು. ಎಷ್ಟು ಭಾನುವಾರ, ಎಷ್ಟು ರಾಶಿ. ಅದು ಸಂತೆಗೆ ಹೋಗಿರಲೇ ಇಲ್ಲ.

ಧನುಶ್ರೀ ಯೋಚಿಸಲಿಲ್ಲ. ಹೋಗಿ ಅಲಗನ್ನೇ ಹಿಡಿದಳು.

"ಬಿಡೇ," ಎಂದ ಮುದುಕ.

ಬಿಡಲಿಲ್ಲ. ಅವನು ಎಳೆದ. ಅಂಗೈ ಬಿರಿದು ರಕ್ತ ಮೊಣಕೈವರೆಗೆ ಇಳಿದು ಹಸಿರು ಸೀರೆಯ ಮೇಲೆ ತೊಟ್ಟಿಕ್ಕಿತು. ಮುದುಕನ ಬೆನ್ನು ನೆಟ್ಟಗಾಯಿತು. ಇನ್ನೊಂದು ಕೈ ಅವಳ ಜಡೆಯನ್ನು ಬುಡದಲ್ಲೇ ಸುತ್ತಿ ಹಿಡಿಯಿತು. ಎಲ್ಲಿ ಹಿಡಿದರೆ ಕತ್ತು ತಿರುಗುವುದಿಲ್ಲವೆಂದು ಆ ಕೈಗೆ ಗೊತ್ತಿತ್ತು. ಅವಳ ತಲೆಯನ್ನು ಗೋಡೆಗೆ ಬಡಿದ. ಇನ್ನೊಮ್ಮೆ ಬಡಿದ. "ಬಿಡು ಅಂದ್ರೆ ಬಿಡ್ಬೇಕು, ಲೌಡಿ."

ಅವಳು ಚಾಕು ಹಿಡಿದ ಅವನ ಕೈಯನ್ನು ಬಾಯಿಗೆಳೆದು ಮಣಿಕಟ್ಟಿಗೆ ಹಲ್ಲು ಹಾಕಿದಳು. ಬಾಯಿಗೆ ಉಪ್ಪು ತಾಗುವವರೆಗೆ ಕಚ್ಚಿದಳು. ಮುದುಕ ಕಿರುಚಿದ. ಚಾಕು ಅವಳ ಕೈಯಲ್ಲಿ ಉಳಿಯಿತು.

ಲಕ್ಷ್ಮೀಶ ಬಂದು ಮಗಳ ಕೆನ್ನೆಗೆ ಹೊಡೆದ. "ಸತ್ತವಳ ಮುಂದೆ! ನಾಚ್ಕೆ ಆಗಲ್ವಾ?"

"ಮೊನೆ ಎಲ್ಲಿ ಅಂತ ಕೇಳಪ್ಪಾ. ಒಂದ್ಸಲ ಕೇಳು."

ಲಕ್ಷ್ಮೀಶ ತಿರುಗಿದ. ಮುದುಕ ಕರವಸ್ತ್ರವನ್ನು ಮಣಿಕಟ್ಟಿಗೆ ಸುತ್ತಿಕೊಳ್ಳುತ್ತಿದ್ದ. "ಅಡಿಕೆ ಒಡೆಯೋವಾಗ ಮುರೀತು. ಹಳೇ ಚಾಕು. ಮುರೀದೆ ಇರತ್ತಾ?"

ಶವದ ವ್ಯಾನಿನವನು ಹಾರ್ನ್ ಹೊಡೆದ. ವಿದ್ಯುತ್ ಚಿತಾಗಾರದಲ್ಲಿ ಕೊಟ್ಟ ಹೊತ್ತು ಮೀರುತ್ತಿತ್ತು. ಅಂಬುಜಮ್ಮ ಮುದುಕನ ಬೆರಳುಗಳ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಹುಡುಗಿಯ ಕೂದಲನ್ನು ನೋಡಿದಳು. ಆಮೇಲೆ ಅರಿಶಿನದ ದಾರವನ್ನು ಸುತ್ತಿ ತನ್ನ ಸೊಂಟಕ್ಕೆ ಸಿಗಿಸಿಕೊಂಡಳು. ಸೆರಗಿನ ತುದಿಯಿಂದ ಬೈರಮ್ಮನ ಹಣೆಯನ್ನು ಒರೆಸಿದಳು.

"ದಾರ ಬೇಡ. ಎತ್ರಪ್ಪ," ಎಂದಳು.

"ನಾನು ಗಂಡ ಇನ್ನೂ ಇದೀನಿ," ಎಂದ ಆಂಜಿನಯ್ಯ.

"ಇರಿ. ದೂರ ಇರಿ."

*

ಚಿತಾಗಾರದ ಅಂಗಳದಲ್ಲಿ ಹೊಂಗೆ ಮರದ ಕೆಳಗೆ ಮುದುಕ ಸಿಮೆಂಟು ಬೆಂಚಿನ ಮೇಲೆ ಕೂತು, ಪಕ್ಕದಲ್ಲಿದ್ದ ಬೇರೆ ಸಾವಿನವರಿಗೆ ಹೇಳುತ್ತಿದ್ದ. "ನನ್ ಹೆಂಡ್ತಿ. ಪುಣ್ಯವಂತೆ, ಮುಂಚೆ ಹೋದ್ಲು. ನಾಳೆ ನನ್ನನ್ನೂ ಮಗ ಇಲ್ಲಿಗೇ ತರ್ತಾನೆ."

ತಗಡಿನ ತಟ್ಟೆಯಲ್ಲಿ ಬೈರಮ್ಮ ಬಂದಳು. ಲಕ್ಷ್ಮೀಶ ಹಾಲು ಚಿಮುಕಿಸಿ, ಬಿಸಿಗೆ ಕೈ ಹಿಂದೆಗೆಯುತ್ತ ಮೂಳೆಗಳನ್ನು ಆರಿಸಿ ಮಡಕೆಗೆ ಹಾಕತೊಡಗಿದ. ಧನುಶ್ರೀ ಅಂಗೈಗೆ ಅಂಬುಜಮ್ಮನ ಸೆರಗಿನ ತುಂಡು ಕಟ್ಟಿಕೊಂಡು ಎದುರಿಗೆ ಕೂತಿದ್ದಳು. ಬೂದಿಯಲ್ಲಿ ಅಪ್ಪನ ಬೆರಳಿಗೆ ಕಪ್ಪಗಿನ ಚೂರೊಂದು ತಾಗಿತು. ಉಗುರಿನಷ್ಟು, ಮೂರು ಮೂಲೆಯದು.

"ಚಟ್ಟದ ಆಣಿ ಇರ್ಬೇಕು," ಎಂದು ಪಕ್ಕಕ್ಕೆ ಇಟ್ಟ.

"ಚಟ್ಟಕ್ಕೆ ಆಣಿ ಹೊಡೀತಾರೇನಪ್ಪಾ? ಹಗ್ಗ ಬಿಗಿದಿದ್ದು ನೀನೇ ಅಲ್ವಾ."

ಅವಳು ಸೊಂಟದಿಂದ ಚಾಕು ತೆಗೆದು ಅಲಗು ಬಿಚ್ಚಿ ತಟ್ಟೆಯ ಅಂಚಿಗೆ ಇಟ್ಟಳು. ಲಕ್ಷ್ಮೀಶ ಇನ್ನೆರಡು ಮೂಳೆ ಆರಿಸಿ ಮಡಕೆಗೆ ಹಾಕಿದ. ಆಮೇಲೆ ಚೂರನ್ನು ಎತ್ತಿ, ಉಗುರಿನಲ್ಲಿ ಬೂದಿ ಕೆರೆದು, ಮುರಿದ ಕಡೆಗೆ ಹಿಡಿದ. ಕೂರಲಿಲ್ಲ. ಮಗ್ಗುಲು ಬದಲಿಸಿದ. ಕೂತಿತು. ಮುರಿದ ಗೆರೆ ಮುರಿದ ಗೆರೆಯನ್ನು ಗುರುತು ಹಿಡಿಯಿತು.

"ಈಳಿಗೆಮಣೆ ಅಂದಿದ್ಲು," ಎಂದ. "ಜ್ವರ ಬಿಟ್ಟ ದಿನ ಆ ಮಣೇನ ಹೊತ್ಕೊಂಡ್ ಹೋಗಿ ಬಾವಿಗೆ ಎಸೆದಿದ್ದೆ ಕಣಮ್ಮಾ. ಅಮ್ಮ ಏನೂ ಅನ್ಲಿಲ್ಲ. ಬರೀ ತಲೆ ಸವರಿದ್ಲು."

ಅವನು ಎದ್ದ. ಬೂದಿ ಮೆತ್ತಿದ ಕೈಗಳನ್ನು ಒರೆಸಿಕೊಳ್ಳದೆ ಹೊಂಗೆ ಮರದ ಕಡೆಗೆ ನಡೆದ. ಮುದುಕ ನಗುತ್ತ ಬೆಂಚಿನಲ್ಲಿ ಸರಿದು ಜಾಗ ಮಾಡಿದ. ಮೊದಲ ಏಟಿಗೆ ಅವನ ಕಟ್ಟಿಸಿದ ಹಲ್ಲು ನೆಲಕ್ಕೆ ಬಿತ್ತು. ಲಕ್ಷ್ಮೀಶ ಜೀವಮಾನದಲ್ಲಿ ಯಾರಿಗೂ ಗಟ್ಟಿಯಾಗಿ ಬೈದವನಲ್ಲ. ಹೊಡೆಯಲು ಬರುತ್ತಿರಲಿಲ್ಲ, ಎಲ್ಲಿ ನಿಲ್ಲಿಸಬೇಕೆಂದೂ ತಿಳಿಯುತ್ತಿರಲಿಲ್ಲ. ಕೊರಳಪಟ್ಟಿ ಹಿಡಿದು ಎತ್ತಿ ಮರದ ಬೊಡ್ಡೆಗೆ ಬಡಿದ. ಬಿಳಿ ಶರ್ಟಿನ ಮೇಲೆ ಬೂದಿಯ ಬೆರಳುಗಳು ಮೂಡಿದವು, ಆಮೇಲೆ ಕೆಂಪು. ಮುದುಕ ಅವನ ಕಾಲಿನ ಹತ್ತಿರ ಕುಸಿದು "ಮಗಾ, ಮಗಾ" ಎನ್ನುತ್ತಿದ್ದ. "ಅವಳೂ ಹಿಂಗೇ ಕೂಗಿದ್ಲಾ? ಹೇಳು, ಕೂಗಿದ್ಲಾ?" ಎಂದು ಕೇಳುತ್ತ ಒದ್ದ. ಬೇರೆ ಸಾವಿನವರು ಮೂವರು ಬಂದು ಎಳೆಯುವವರೆಗೆ ಒದ್ದ.

ಧನುಶ್ರೀ ತಿರುಗಿ ನೋಡಲಿಲ್ಲ. ಚಾಕುವನ್ನು ಎತ್ತಿಕೊಂಡು ಕಿವಿಯ ಹತ್ತಿರ ಹಿಡಿದು ಮಡಚಿದಳು. ಟಪ್. ಅದನ್ನು ಮಡಕೆಯೊಳಗೆ ಮೂಳೆಗಳ ನಡುವೆ ಇಳಿಸಿದಳು. ಅದರ ಮೇಲೆ ಮೊನೆಯ ಚೂರು. ಅದರ ಮೇಲೆ ಹಿಡಿಹಿಡಿಯಾಗಿ ಬೂದಿ, ಮೀನಿನ ಬೆನ್ನು ಕಾಣದಾಗುವವರೆಗೆ. ಕೆಂಪು ಬಟ್ಟೆ ಹೊದಿಸಿದಳು. ಅಂಬುಜಮ್ಮ ತನ್ನ ಬುಟ್ಟಿಯ ಬಾಳೆನಾರನ್ನು ನೆನೆಸಿ ತಂದುಕೊಟ್ಟಳು.

ಅಂಗೈ ಗಾಯದಿಂದ ಗಂಟು ಬಿಗಿಯಾಗುತ್ತಿರಲಿಲ್ಲ. ಲಕ್ಷ್ಮೀಶ ಏದುಸಿರು ಬಿಡುತ್ತ ಬಂದು ಎದುರಿಗೆ ಕೂತ. ಗೆಣ್ಣುಗಳ ಚರ್ಮ ಕಿತ್ತುಹೋಗಿತ್ತು.

"ಬೆರಳಿಡಪ್ಪಾ," ಎಂದಳು ಧನುಶ್ರೀ.

ಅವನು ಗಂಟಿನ ಮೇಲೆ ಬೆರಳು ಇಟ್ಟ. ಅವಳು ಎಳೆದು ಬಿಗಿದಳು, ಇನ್ನೊಂದು ಸುತ್ತು ಹಾಕಿ ಬಿಗಿದಳು. ನಾರು ಉದ್ದ ಉಳಿಯಿತು. ಅವಳು ಮಡಕೆಯ ಮೇಲೆ ಬಾಗಿ, ಉಳಿದ ನಾರನ್ನು ಹಲ್ಲಿನಲ್ಲಿ ಕಡಿದಳು.